ದಲ್ಲಾಳಿಯ ಮೂತ್ರಪಿಂಡದ ಲೆಕ್ಕ

೧೯೮೯ರ ದೀಪಾವಳಿ ಕಳೆದ ವಾರ ಚಿಕ್ಕೋಡಿಯ ನಮ್ಮ ಆಸ್ಪತ್ರೆಗೆ ದನದ ದಲ್ಲಾಳಿಯೊಬ್ಬರು ಬಂದು ಸೇರಿದರು. ರಾಯಬಾಗದ ಕಡೆಯ ಹಳ್ಳಿಯವರು. ವಯಸ್ಸು ನಲವತ್ತೆಂಟು, ತೂಕ ಐವತ್ತೆರಡು ಕಿಲೋ. ಆ ಐವತ್ತೆರಡರಲ್ಲಿ ಹೊಟ್ಟೆಯ ನೀರು ಎಷ್ಟು, ಮನುಷ್ಯ ಎಷ್ಟು ಎಂದು ಹೇಳುವುದು ಕಷ್ಟವಿತ್ತು. ಕಣ್ಣು ಹಳದಿ. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು, ತೋಳು ತೊಡೆಗಳು ಮಾತ್ರ ರಸ ಹಿಂಡಿದ ಕಬ್ಬಿನ ಹಾಗೆ ಸೊರಗಿದ್ದವು. ಕಫದಲ್ಲಿ ಕ್ಷಯದ ಕ್ರಿಮಿ ಇದ್ದುದರಿಂದ ವಾರ್ಡಿನೊಳಗೆ ಬಿಡದೆ ವರಾಂಡದ ಕೊನೆಯಲ್ಲಿ, ಬೇವಿನ ಮರದ ಬದಿಗೆ, ಮಂಚ ಹಾಕಿಸಿದೆವು.

ಅವರು ಕುಡಿಯುವವರಲ್ಲ. ಮೊದಲ ದಿನವೇ ಅವರ ಹೆಂಡತಿ ಇದನ್ನು ಎರಡೆರಡು ಸಲ ಹೇಳಿದರು. ಯಕೃತ್ತು ಕೆಟ್ಟಿದೆ ಎಂದೊಡನೆ ಎಲ್ಲರೂ ಕೇಳುವುದು ಅದನ್ನೇ, ಉತ್ತರ ಕೊಟ್ಟು ಅವರಿಗೆ ಸಾಕಾಗಿತ್ತು. ಹಿಂದೊಮ್ಮೆ ಬಂದ ಕಾಮಾಲೆ ಪೂರ್ತಿ ಹೋಗದೆ ಒಳಗೇ ಉಳಿದು ಯಕೃತ್ತನ್ನು ಕಲ್ಲು ಮಾಡುತ್ತ ಬಂದಿತ್ತು. ಈಗ ಅದರ ಮೇಲೆ ಕ್ಷಯ. ಬೇರೆ ಊರಿನಲ್ಲಿ ಕ್ಷಯದ ಮಾತ್ರೆ ಶುರು ಮಾಡಿದ ಮೂರನೇ ವಾರಕ್ಕೆ ಕಾಮಾಲೆ ಏರಿ, ವಾಂತಿ ಹತ್ತಿ, ಮಾತ್ರೆ ನಿಲ್ಲಿಸಬೇಕಾಯಿತು. ಅವು ಯಕೃತ್ತಿಗೆ ಪೆಟ್ಟು ಕೊಡುವ ಮಾತ್ರೆಗಳು. ಇವರಿಗೆ ಕೊಡಬಹುದಾದದ್ದು ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಜೊತೆಗೆ ಇನ್ನೊಂದು ಸೌಮ್ಯ ಮಾತ್ರೆ. ಈ ಚುಚ್ಚುಮದ್ದು ಮೈಯಿಂದ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತಿದ್ದರೆ ಅದು ರಕ್ತದಲ್ಲೇ ನಿಂತು ಒಳಗಿವಿಯನ್ನು ಕೊಲ್ಲುತ್ತದೆ. ಹಾಗೆ ಹೋದ ಕಿವಿ ಮರಳಿ ಬರುವುದಿಲ್ಲ. ಹೆದರಿ ಕಡಿಮೆ ಕೊಟ್ಟರೆ ಕ್ರಿಮಿ ಆ ಔಷಧಕ್ಕೂ ಒಗ್ಗಿಕೊಂಡು ಶ್ವಾಸಕೋಶವನ್ನು ತಿಂದು ಮುಗಿಸುತ್ತದೆ. ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ ಒಂದೇ: ಈ ಮನುಷ್ಯನ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ?

ಹಿರಿಯ ವೈದ್ಯರಿಗೆ ಅದು ಪ್ರಶ್ನೆಯಾಗಿಯೇ ಕಾಣಲಿಲ್ಲ. ಆಸ್ಪತ್ರೆ ಅವರದು, ವೈದ್ಯರು ಅವರೂ ನಾನೂ ಇಬ್ಬರೇ.

"ಕ್ರಿಯಾಟಿನಿನ್ ಎಷ್ಟ ಬಂತು?" ಎಂದು ಕೇಳಿದರು.

"ಪಾಯಿಂಟ್ ಒಂಬತ್ತು ಸರ್."

"ನನ್ನದ ಒಂದು ಪಾಯಿಂಟ್ ಎರಡ ಐತ್ರಿ. ನನಗಿಂತ ಅವನ ಕಿಡ್ನಿ ಚಲೋ ಅದಾವು. ನಾಳಿಂದ ದಿನಾ ಇಂಜೆಕ್ಷನ್ ಚಾಲೂ ಮಾಡ್ರಿ."

"ಸರ್, ಮೈಯಲ್ಲಿ ಮಾಂಸವೇ ಇಲ್ಲ. ಆ ಪಾಯಿಂಟ್ ಒಂಬತ್ತನ್ನ ನಂಬೋದು ಹೇಗೆ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಂಬಲಿಲ್ಲಾಂದ್ರ ಏನ್ ಮಾಡಾವ್ರು?"

"ಅಳೀತೀನಿ. ಹತ್ತು ದಿನ ಕೊಡಿ."

"ಹತ್ತ ದಿನಾ ಟಿ.ಬಿ. ಕೈ ಕಟ್ಟಿ ಕೂಡತೈತೇನ್ರಿ ಮೇಡಮ್?" ಎಂದರು. ಆಮೇಲೆ, "ತಗೋರಿ. ಹನ್ನೊಂದನೇ ದಿನಾ ನನಗ ನಂಬರ್ ಬೇಕು. ಕಾರಣಾ ಬ್ಯಾಡ" ಎಂದು ಮುಂದಿನ ರೋಗಿಯನ್ನು ಕರೆದರು.

ನಾನು ತುಮಕೂರು ಕಡೆಯವಳು. ಚಿಕ್ಕೋಡಿಗೆ ಬಂದು ಎಂಟು ತಿಂಗಳಾಗಿತ್ತು. ಲ್ಯಾಬಿನ ತಂತ್ರಜ್ಞ ನಿಪ್ಪಾಣಿಯಿಂದ ವಾರಕ್ಕೆ ಎರಡೇ ದಿನ ಬರುತ್ತಿದ್ದ. ಉಳಿದ ದಿನ ಲ್ಯಾಬೂ ನನ್ನದೇ. ಪ್ರತಿ ಸಂಜೆ ಕೋಣೆಗೆ ಬಂದು ದಿನಚರಿಯಲ್ಲಿ ನಾಲ್ಕು ಸಾಲು ಬರೆಯುತ್ತಿದ್ದೆ: ನೋಡಿದ ರೋಗಿಗಳು, ಮಾಡಿದ ಪರೀಕ್ಷೆಗಳು, ಬಂದ ಕಾಗದಗಳು, ಕೆಲಸದ ಹೊರಗೆ ಮಾತಾಡಿದವರು. ಕೊನೆಯ ಸಾಲಿನಲ್ಲಿ ಬಹುತೇಕ ಸೊನ್ನೆ ಇರುತ್ತಿತ್ತು. ಕೆಳಗಿನ ಮನೆಯ ಮಾಲಕಿ ಬೆಳಿಗ್ಗೆ ನೀರು ಬಿಟ್ಟಾಗ "ನಳಾ ಬಂತ್ರಿ" ಎಂದು ಕೂಗುವುದನ್ನು ಸೇರಿಸಬೇಕೋ ಬೇಡವೋ ಎಂದು ಬಂದ ಹೊಸತರಲ್ಲೇ ಯೋಚಿಸಿ, ಸೇರಿಸಬಾರದು ಎಂದು ತೀರ್ಮಾನಿಸಿದ್ದೆ.

ಮೊದಲು ಕಿವಿ ನೋಡಿಕೊಂಡೆ. ಔಷಧ ಕೊಡುವ ಮೊದಲು ಕಿವಿ ಹೇಗಿತ್ತು ಎಂದು ಗೊತ್ತಿರದಿದ್ದರೆ ಆಮೇಲೆ ಕೆಟ್ಟದ್ದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಅದಕ್ಕೆ ಯಂತ್ರ ಇರಲಿಲ್ಲ. ರೋಗಿಯ ಬೆನ್ನ ಹಿಂದೆ ಎರಡು ಮಾರು ದೂರ ನಿಂತು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉಸಿರಿನಲ್ಲೇ ಒಂದೊಂದು ಸಂಖ್ಯೆ ಹೇಳಬೇಕು. ಅವರು ತಿರುಗಿ ನೋಡದೆ ಅದನ್ನು ಹೇಳಬೇಕು. ದಲ್ಲಾಳಿ ಹತ್ತಕ್ಕೆ ಹತ್ತೂ ಹೇಳಿದರು.

"ಇಷ್ಟ ಮೆಲ್ಲಕ ನಮ್ಮಾಕಿ ಒಂದ ಸಲ ಮಾತಾಡಿದ್ರ ಸಾಕಿತ್ರಿ ಬಾಯಾರ" ಎಂದರು.

ಯಾಕೆ ಈ ಪರೀಕ್ಷೆ ಎಂದು ವಿವರಿಸಿದೆ. ಅವರು ಹೆಗಲ ಮೇಲಿನ ಟವೆಲ್ ಮುಟ್ಟಿಕೊಂಡು, "ಹೋದ್ರ ಹೋಗಲೇಳ್ರಿ. ಸಂತ್ಯಾಗ ಕಿವಿ ಕೆಲಸ ಏನೈತಿ? ನಮ್ಮ ವ್ಯಾಪಾರ ಎಲ್ಲಾ ಅರಿವಿ ತೆಳಗ, ಬೆರಳ ಮ್ಯಾಲೆ" ಎಂದರು.

ಮಂಚದ ಕಾಲಬದಿಗೆ ಕೂತು ಜೋಳ ಹಸನು ಮಾಡುತ್ತಿದ್ದ ಹೆಂಡತಿ ತಲೆ ಎತ್ತದೆಯೇ ಹೇಳಿದರು: "ಮೊಮ್ಮಗಳು ಈಗ ಮಾತ ಕಲಿಯಾಕತ್ತಾಳ. ಅದನ್ನೂ ಬೆರಳಲೆ ಕೇಳ್ತೀರೇನು?"

ದಲ್ಲಾಳಿ ಬೇವಿನ ಮರದ ಕಡೆ ನೋಡುತ್ತ ಕೂತರು.

ಕ್ರಿಯಾಟಿನಿನ್ ಎಂದರೆ ಏನು ಎಂದು ಆಕೆಯೇ ಕೇಳಿದರು. ಒಲೆಯ ಬೂದಿಯ ಹಾಗೆ ಎಂದೆ. ಮೈಯ ಮಾಂಸ ದಿನವೂ ಉರಿಯುವ ಒಲೆ. ಅದರ ಬೂದಿ ರಕ್ತಕ್ಕೆ ಬೀಳುತ್ತದೆ. ಮೂತ್ರಪಿಂಡ ಅದನ್ನು ಗುಡಿಸಿ ಹೊರಗೆ ಹಾಕುತ್ತದೆ. ಅಂಗಳದಲ್ಲಿ ಬೂದಿ ಹೆಚ್ಚಾದರೆ ಗುಡಿಸುವವರಿಗೆ ಮೈ ಸರಿಯಿಲ್ಲ ಎಂದು ತಿಳಿಯುತ್ತೇವೆ. ಆದರೆ ಒಲೆಯೇ ಸರಿಯಾಗಿ ಉರಿಯದ ಮನೆಯಲ್ಲಿ?

"ಅಂಗಳ ಸ್ವಚ್ಛ ಕಾಣತೈತಿ" ಎಂದರು ಆಕೆ, "ಗುಡಸಾಕಿ ಮಲ್ಕೊಂಡಿದ್ರೂ."

ಅಷ್ಟೇ ವಿಷಯ. ಯಕೃತ್ತಿನ ರೋಗಿಗಳಲ್ಲಿ ಮಾಂಸ ಕರಗಿರುತ್ತದೆ, ಊಟ ಕಡಿಮೆ, ಕ್ರಿಯಾಟಿನಿನ್‌ಗೆ ಬೇಕಾದ ಕಚ್ಚಾ ಮಾಲನ್ನು ತಯಾರಿಸುವ ಯಕೃತ್ತೇ ಸೋತಿರುತ್ತದೆ. ರಕ್ತದ ಅಂಕಿ ಚೆನ್ನಾಗಿ ಕಾಣುತ್ತದೆ. ವಯಸ್ಸು, ತೂಕ, ರಕ್ತದ ಕ್ರಿಯಾಟಿನಿನ್ ಹಾಕಿ ಲೆಕ್ಕ ಮಾಡುವ ಸೂತ್ರವೊಂದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಇವರಿಗೆ ಹಾಕಿದರೆ ನಿಮಿಷಕ್ಕೆ ಎಪ್ಪತ್ತನಾಲ್ಕು ಮಿಲಿಲೀಟರ್ ಬಂತು. ಅಷ್ಟಿದ್ದರೆ ದಿನವೂ ಚುಚ್ಚಬಹುದು. ಆದರೆ ಆ ಸೂತ್ರ ಹೊಟ್ಟೆಯ ನೀರನ್ನೂ ಮಾಂಸವೆಂದೇ ತೂಗುತ್ತದೆ. ನಾನು ಅವರನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ದಲ್ಲಾಳಿಯೇ ನಕ್ಕಿದ್ದರು. "ಸಂತಿಗೆ ಹೊಡಿಯೂ ಮೊದಲ ಎತ್ತಿಗೆ ಹೊಟ್ಟಿ ಬಿರಿಯೂ ಹಂಗ ನೀರ ಕುಡಸ್ತಾರ್ರಿ. ಈಗ ನಾನೂ ಅಂಥಾ ಎತ್ತ."

ಉಳಿದ ದಾರಿ ಒಂದೇ. ಇಡೀ ದಿನದ ಮೂತ್ರವನ್ನು ಒಂದು ಹನಿಯೂ ಬಿಡದೆ ಕೂಡಿಸಿ, ಅದರಲ್ಲಿ ಎಷ್ಟು ಕ್ರಿಯಾಟಿನಿನ್ ಇದೆ ಎಂದು ಅಳೆಯುವುದು. ಗುಡಿಸಿ ಹೊರಗೆ ಹಾಕಿದ ಬೂದಿಯನ್ನೇ ತೂಗಿದ ಹಾಗೆ.

ಮೊದಲು ನನ್ನ ಕೈಯನ್ನೂ ಯಂತ್ರವನ್ನೂ ಪರೀಕ್ಷಿಸಬೇಕಿತ್ತು. ಬಣ್ಣದ ಗಾಢತೆಯಿಂದ ಅಳೆಯುವ ನಮ್ಮ ಕಲರಿಮೀಟರ್ ಹಳೆಯದು. ಕರೆಂಟ್ ಬಂದೊಡನೆ ಸುತ್ತಲಿನ ಕಬ್ಬಿನ ಗದ್ದೆಗಳ ಪಂಪುಗಳೆಲ್ಲ ಒಮ್ಮೆಗೇ ಶುರುವಾಗಿ ಅದರ ಮುಳ್ಳು ನಡುಗುತ್ತಿತ್ತು; ಮಧ್ಯಾಹ್ನ ಮೂರರ ಮೇಲೆ ಒಂದು ಗಂಟೆ ಸ್ಥಿರವಾಗಿರುತ್ತಿತ್ತು. ಕ್ರಿಯಾಟಿನಿನ್‌ಗೆ ಬಣ್ಣ ತರಿಸುವ ಪಿಕ್ರಿಕ್ ಆಮ್ಲ ಕೊಲ್ಹಾಪುರದಿಂದ ಬಸ್ಸಿನಲ್ಲಿ ಬರಬೇಕು, ಒಣಗಿದರೆ ಸಿಡಿಯುತ್ತದೆ ಎಂದು ಸದಾ ನೀರಿನಲ್ಲಿಡಬೇಕು. ಭಾನುವಾರ ನನ್ನದೇ ಮೂತ್ರವನ್ನು ಇಡೀ ದಿನ ಐದು ಲೀಟರಿನ ಡಬ್ಬಿಯಲ್ಲಿ ಕೂಡಿಸಿದೆ. ಹೋಗಬೇಕಾದ ಊರಿಲ್ಲದವರಿಗೆ ಇದು ಸುಲಭದ ಕೆಲಸ. ಆ ಭಾನುವಾರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ, ಯಾರೂ ಕರೆಯಲಿಲ್ಲ. ಸೋಮವಾರ ಬೆಳಿಗ್ಗೆ ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ ಮಾಲಕಿ ಅಡ್ಡ ಸಿಕ್ಕರು.

"ಏನ್ರಿ, ಎಣ್ಣಿ ತರಾಕ ಹೊಂಟ್ರೇನು?"

"ಅಲ್ಲ, ಲ್ಯಾಬಿಗೆ."

"ತುಂಬಿದ ಡಬ್ಬಿ ಕಂಡ್ರ ಚಲೋ ಶಕುನ ಆತು" ಎಂದು ಅವರು ಬದಿಗೆ ಸರಿದು ದಾರಿ ಬಿಟ್ಟರು. ನನಗೆ ನಗು ಬಂತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಲೆಕ್ಕ ಹಾಕಿದೆ: ನನ್ನದು ನಿಮಿಷಕ್ಕೆ ತೊಂಬತ್ತರ ಹತ್ತಿರ ಬಂತು. ಆರೋಗ್ಯವಂತರಲ್ಲಿ ಬರಬೇಕಾದಷ್ಟೇ. ಕೈಯೂ ಯಂತ್ರವೂ ಸರಿಯಾಗಿವೆ ಎಂದಾಯಿತು.

ದಲ್ಲಾಳಿಯ ಮೊದಲ ಸಂಗ್ರಹ ಮಂಗಳವಾರ ಏಳು ಗಂಟೆಯಿಂದ ಬುಧವಾರ ಏಳು ಗಂಟೆಯವರೆಗೆ. ಗಂಡ ಹೆಂಡತಿ ಇಬ್ಬರಿಗೂ ಎರಡು ಸಲ ಹೇಳಿದ್ದೆ: ಮೂತ್ರಕ್ಕೆ ಎದ್ದಾಗಲೆಲ್ಲ ಡಬ್ಬಿಯಲ್ಲೇ. ಬುಧವಾರ ಡಬ್ಬಿಯ ತಳದಲ್ಲಿ ಆರುನೂರು ಮಿಲಿಲೀಟರ್ ಇತ್ತು. ಅದರಲ್ಲಿ ಇದ್ದ ಕ್ರಿಯಾಟಿನಿನ್ ಇನ್ನೂರೈದು ಮಿಲಿಗ್ರಾಂ. ಲೆಕ್ಕ ನಿಮಿಷಕ್ಕೆ ಹದಿನಾರು ಎಂದಿತು.

ಹದಿನಾರು ಎಂದರೆ ಮೂತ್ರಪಿಂಡ ಬಹುತೇಕ ನಿಂತ ಹಾಗೆ. ನನಗೆ ಅನುಮಾನ ಬಂತು. ಮೂತ್ರ ಪೂರ್ತಿ ಸಿಕ್ಕಿದೆಯೇ ಎಂದು ತಿಳಿಯಲು ಪುಸ್ತಕದಲ್ಲಿ ಒಂದು ಉಪಾಯವಿದೆ. ಗಂಡಸಿನ ದೇಹದಿಂದ ಕಿಲೋ ತೂಕಕ್ಕೆ ದಿನವೂ ಹೆಚ್ಚುಕಡಿಮೆ ಇಷ್ಟು ಕ್ರಿಯಾಟಿನಿನ್ ಬಂದೇ ಬರುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಮೂತ್ರ ಎಲ್ಲೋ ಚೆಲ್ಲಿದೆ ಎಂದರ್ಥ. ಇವರದು ತೀರ ಕಡಿಮೆ ಇತ್ತು. ಆದರೆ ಮಾಂಸ ಕರಗಿದವರಲ್ಲಿ ಕಡಿಮೆಯೇ ಬರಬೇಕು. ತಪ್ಪನ್ನು ಹಿಡಿದುಕೊಡಬೇಕಾದ ಅಂಕಿಯನ್ನೇ ರೋಗ ಕೆಡಿಸಿತ್ತು. ಈ ಮಾತನ್ನು ಯಾರ ಜೊತೆಗಾದರೂ ಆಡಿದ್ದರೆ ದಾರಿ ಬೇಗ ಹೊಳೆಯುತ್ತಿತ್ತೋ ಏನೋ. ಜೊತೆಗೆ ಓದಿದವರೆಲ್ಲ ಬೆಂಗಳೂರು, ಮೈಸೂರುಗಳಲ್ಲಿದ್ದರು. ಟ್ರಂಕ್ ಕಾಲ್ ಹಚ್ಚಿ ಇಂಥದ್ದನ್ನು ಮಾತಾಡಲಾಗುವುದಿಲ್ಲ. ಇನ್ನೊಮ್ಮೆ ಕೂಡಿಸುವುದೆಂದು ನಿರ್ಧರಿಸಿದೆ.

ಶುಕ್ರವಾರ ಬೆಳಿಗ್ಗೆ ಡಬ್ಬಿಯಲ್ಲಿ ಸಾವಿರದ ನೂರು ಮಿಲಿಲೀಟರ್ ಇತ್ತು. ಸಂತೋಷವಾಯಿತು. ಆದರೆ ಬಣ್ಣ ತೀರ ತೆಳು. ಅಳೆದರೆ ಕ್ರಿಯಾಟಿನಿನ್ ಇನ್ನೂರ ಹನ್ನೆರಡು. ಮತ್ತೆ ಅದೇ ಹದಿನಾರು. ಸಂಜೆ ವರಾಂಡಕ್ಕೆ ಹೋಗಿ ಹೆಂಡತಿಯನ್ನು ಕೇಳಿದೆ.

"ನೀರು ಸೇರಿಸಿದಿರಾ?"

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗಂಡನೇ ಹೇಳಿಬಿಟ್ಟರು: "ಹಾಕ್ಯಾಳ್ರಿ ಒಂದ ತಂಬಿಗಿ. ಮೊನ್ನೆ ಡಬ್ಬಿ ನೋಡಿ ನೀವು ಮಾರಿ ಸಣ್ಣ ಮಾಡಿದ್ರೆಲ್ಲ, ಅದಕ್ಕ. ಡೇರಿಯವರಿಗೂ ಹಿಂಗ ಮಾಡ್ತಾಳ ಇಕಿ."

"ಡೇರಿಗೆ ಹಾಕಿದ್ದು ಒಂದ ಸಲ" ಎಂದರು ಆಕೆ ಸಿಟ್ಟಿನಿಂದ. "ಮುದಿ ಎತ್ತಿನ ಕೋಡಿಗೆ ಎಣ್ಣಿ ಹಚ್ಚಿ ಹರೇದ ಹ್ವಾರಿ ಅಂತ ಮಾರಿದವ್ರು ನೀವು, ನನಗ ಹೇಳ್ತೀರಿ!"

ನೀರು ಹಾಕಿದ್ದರಿಂದ ನನ್ನ ಲೆಕ್ಕಕ್ಕೆ ಏನೂ ಆಗಿಲ್ಲ ಎಂದು ಹೇಳಿದೆ. ನಾನು ತೂಗುವುದು ಒಳಗಿನ ಬೂದಿಯನ್ನು. ಕೊಡ ನೀರು ಸುರಿದರೂ ಬೂದಿ ಹೆಚ್ಚಾಗದು, ಕಡಿಮೆಯೂ ಆಗದು. ಇಬ್ಬರೂ ನಿರಾಳವಾಗಿ ನಕ್ಕರು. ನಾನೂ ನಕ್ಕೆ. ಎರಡು ಸಲ ಅಳೆದು ಎರಡು ಸಲವೂ ಒಂದೇ ಅಂಕಿ ಬಂದರೆ ನಂಬದೆ ಇನ್ನೇನು ಮಾಡುವುದು?

ಹಿರಿಯ ವೈದ್ಯರಿಗೆ ಹದಿನಾರು ಎಂದು ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ನಿಮ್ಮ ನಂಬರ್ ಖರೇ ಇದ್ರ ಸ್ಟ್ರೆಪ್ಟೊಮೈಸಿನ್ ಮುಟ್ಟಬಾರದು" ಎಂದರು. "ಮಾತ್ರಿ ಕೊಡಂಗಿಲ್ಲ, ಇಂಜೆಕ್ಷನ್ನೂ ಇಲ್ಲ. ಅಂದ್ರ ಹೆಂಡ್ತಿನ್ನ ಕರದು, ಮನಿಗೆ ಕರಕೊಂಡ ಹೋಗವಾ ಅಂತ ಹೇಳಬೇಕು. ನೀವ ಹೇಳ್ರಿ. ನಂಬರ್ ನಿಮ್ಮದು."

ಆ ಸಂಜೆ ಅದನ್ನು ಹೇಳಲು ಹೋಗಲಿಲ್ಲ. ಶನಿವಾರ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ನಿದ್ದೆ ಸರಿಯಾಗಿ ಬಾರದೆ, ಹೇಗೂ ಹೇಳಲೇಬೇಕಲ್ಲ ಎಂದು, ಎಂದಿಗಿಂತ ಮುಂಚೆಯೇ ಆಸ್ಪತ್ರೆಗೆ ಬಂದುಬಿಟ್ಟೆ. ಬೆಳಕು ಆಗಷ್ಟೇ ಹರಿಯುತ್ತಿತ್ತು. ವರಾಂಡದ ಕೊನೆಯ ಮಂಚ ಖಾಲಿ ಇತ್ತು, ಡಬ್ಬಿ ಮಂಚದ ಕೆಳಗೆ ಇತ್ತು. ಕಾಂಪೌಂಡಿನ ಮುರಿದ ಗೋಡೆಯಾಚೆ, ಹೊಲದ ಬದುವಿನ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ತಂಬಿಗೆ ಹಿಡಿದು, ದಲ್ಲಾಳಿ ಮೆಲ್ಲನೆ ಬರುತ್ತಿದ್ದರು. ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಹೆಂಡತಿ.

ನನ್ನನ್ನು ಕಂಡು ಅವರಿಗೆ ಸಂಕೋಚವಾಯಿತು. ನನಗೂ ಆಯಿತು. ಆದರೂ ಕೇಳಿದೆ.

"ದಿನಾ ಹೀಗೆ ಹೊರಗಡೆ ಹೋಗ್ತೀರಾ?"

"ಹೌದ್ರಿ. ಮುಂಜಾನೆ ಒಮ್ಮೆ, ಸಂಜಿಕ ಒಮ್ಮೆ. ನಿಮ್ಮ ಔಷಧ ತಗೊಂಡಾಗಿಂದ ಎರಡ ಸಲ." ಯಕೃತ್ತಿನ ರೋಗಿಗಳ ಹೊಟ್ಟೆ ಕಟ್ಟಬಾರದೆಂದು ನಾವೇ ಔಷಧ ಕೊಡುತ್ತಿದ್ದೆವು.

"ಇಲ್ಲಿ ಸಂಡಾಸು ಇದೆಯಲ್ಲ?"

"ಅದರಾಗ ಯಾರ ಹೋಗ್ತಾರ್ರಿ" ಎಂದರು, ಮುಖ ಕಿವುಚಿ. "ನಾಕ ಗ್ವಾಡಿ ನಡಕ ನಮಗ ಆಗೂದಿಲ್ಲ."

"ಹೊರಗಡೆ ಹೋದಾಗ... ಅಲ್ಲಿ ಮೂತ್ರ?"

ಅವರು ಹೆಂಡತಿಯ ಕಡೆ ನೋಡಿದರು, ನೆಲ ನೋಡಿದರು. "ಅದು ಅದರ ಕೂಡ ಹೋಗೂದ್ರಿ ಬಾಯಾರ. ಅದು ಬ್ಯಾರೆ. ಅದನ್ನ ಹ್ಯಾಂಗ ಡಬ್ಬ್ಯಾಗ ಹಿಡೀಲಿ?"

ನಾನು ಹೇಳಿದ್ದು ಮೂತ್ರಕ್ಕೆ ಎದ್ದಾಗ ಎಂದು. ಅವರು ಪ್ರಾಮಾಣಿಕವಾಗಿ ಅದನ್ನೇ ಮಾಡಿದ್ದರು. ತಂಬಿಗೆ ಹಿಡಿದು ಹೊರಟದ್ದು ಮೂತ್ರಕ್ಕಲ್ಲ, ಬೇರೆ ಕೆಲಸಕ್ಕೆ. ಅವರ ದಿನದಲ್ಲಿ ಅವೆರಡೂ ಬೇರೆ ಬೇರೆ ಪ್ರಯಾಣಗಳು. ಮಲಗಿದ ಮೇಲೆ ಇಡೀ ರಾತ್ರಿ ತುಂಬಿಕೊಂಡದ್ದೂ, ಮಧ್ಯಾಹ್ನದಿಂದ ಸಂಜೆಯವರೆಗಿನದೂ ಎರಡು ದಿನವೂ ಹೊಲದ ಬದುವಿಗೆ ಹೋಗಿತ್ತು. ಎರಡು ಸಲವೂ ಒಂದೇ ಅಂಕಿ ಬಂದದ್ದು ಅದು ಸರಿಯಿದ್ದುದರಿಂದಲ್ಲ. ಮನುಷ್ಯನ ರೂಢಿ ಎರಡು ದಿನವೂ ಒಂದೇ ಆಗಿತ್ತು, ಅದಕ್ಕೆ.

ಲ್ಯಾಬಿನೊಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಇನ್ನು ನಾಲ್ಕು ದಿನ ಉಳಿದಿತ್ತು. ಡಬ್ಬಿಯನ್ನು ಹೊಲಕ್ಕೂ ಒಯ್ಯಿರಿ ಎಂದು ಹೇಳಬಹುದಿತ್ತು. ಒಯ್ಯುತ್ತೇವೆ ಎಂದೂ ಹೇಳುತ್ತಿದ್ದರು. ಆದರೆ ನಡುವಯಸ್ಸಿನ ಗಂಡಸು ಊರ ಕಣ್ಣೆದುರು ಎಣ್ಣೆ ಡಬ್ಬಿ ಹಿಡಿದು ಬದುವಿನ ಮೇಲೆ ನಡೆಯುವುದಿಲ್ಲ. ಒಯ್ದೆವ್ರಿ ಎನ್ನುತ್ತಾರೆ, ನಾನು ಮತ್ತೊಂದು ತಪ್ಪು ಅಂಕಿಯನ್ನು ನಂಬುತ್ತೇನೆ. ಸಂಡಾಸಿಗೆ ಹೋಗಲು ಒತ್ತಾಯಿಸಿದರೆ ಹೊಟ್ಟೆ ಕಟ್ಟುತ್ತದೆ, ಅದು ಯಕೃತ್ತಿನ ರೋಗಿಗೆ ಇನ್ನೊಂದು ಅಪಾಯ. ಆಗ ನಿರ್ಧಾರ ಮಾಡಿದೆ. ಅವರ ರೂಢಿಯನ್ನು ಬದಲಾಯಿಸುವ ಬದಲು ನನ್ನ ಗಡಿಯಾರವನ್ನು ಅದರ ನಡುವೆ ಕೂರಿಸುವುದು. ಬೆಳಿಗ್ಗೆ ಹೊರಗೆ ಹೋಗಿ ಬಂದ ಮೇಲೆ ಎಂಟಕ್ಕೆ ಶುರು. ಸಂಜೆಯ ಹೊರಡುವಿಕೆಗೆ ಬಹಳ ಮೊದಲೇ, ಎರಡಕ್ಕೆ ಮುಗಿಸುವುದು. ಆರು ತಾಸು. ಸಣ್ಣ ಅವಧಿಯಾದ್ದರಿಂದ ಸ್ವಲ್ಪ ಬಿಟ್ಟುಹೋದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಆರು ತಾಸೂ ನಾನು ಅಲ್ಲೇ ಕೂರುವುದು, ಮೂರು ದಿನ.

ಹಿರಿಯ ವೈದ್ಯರು ಇದಕ್ಕೆ ಒಪ್ಪಬೇಕಿತ್ತು. ಅಷ್ಟು ಹೊತ್ತು ಓಪಿಡಿಗೆ ನಾನಿರುವುದಿಲ್ಲ. ಪೂರ್ತಿ ಕೇಳಿ, "ಮೂವತ್ತ ವರ್ಷಾ ಆತು ನಾ ಡಾಕ್ಟರ್‌ಕಿ ಮಾಡಾಕ್ಹತ್ತಿ. ಮೂತ್ರ ಕಾಯಾಕ ಡಾಕ್ಟರ್ ಕುಂತದ್ದ ಕಂಡಿಲ್ಲ" ಎಂದರು. "ಕುಂದರ್ರಿ. ಓಪಿಡಿ ನಾ ನೋಡ್ತೀನಿ."

ಭಾನುವಾರ, ಸೋಮವಾರ, ಮಂಗಳವಾರ. ಗಾಳಿ ಬರುವ ಕಡೆಗೆ ಕುರ್ಚಿ ಹಾಕಿಕೊಂಡು, ಮಂಚದಿಂದ ಒಂದಷ್ಟು ದೂರ ಕೂತೆ. ತಾಸಿಗೊಂದು ಲೋಟ ನೀರು ಕುಡಿಸುವುದು, ಮಂಚದ ಪಕ್ಕದ ಪರದೆಯೊಳಗೆ ಹೋಗಿ ಬಂದಾಗ ಹೆಂಡತಿ ತಂದುಕೊಡುವುದನ್ನು ಅಳೆಯುವುದು, ನಡುವೆ ಒಮ್ಮೆ ರಕ್ತ ತೆಗೆಯುವುದು. ಉಳಿದ ಹೊತ್ತೆಲ್ಲ ಸುಮ್ಮನೆ ಕೂರುವುದು. ಕ್ಷಯವೆಂದು ಆ ತುದಿಗೆ ಯಾರೂ ಬರುತ್ತಿರಲಿಲ್ಲ. ವಾರ್ಡಿನ ಗದ್ದಲ ದೂರದಿಂದ ಕೇಳುತ್ತಿತ್ತು. ದಲ್ಲಾಳಿ ಅಲ್ಲಿಗೆ ಬಂದು ಎರಡನೇ ವಾರ. ಅವರೂ ನನ್ನ ಹಾಗೆಯೇ ಸಂಜೆಯವರೆಗೆ ದಿನ ಹೇಗೆ ಕಳೆಯುವುದು ಎಂದು ಕಲಿಯುತ್ತಿದ್ದರು.

"ನಿಮ್ಮ ಮಾತು ಕೇಳಿದ್ರ ರೇಡಿಯೋ ಹಚ್ಚಿದಂಗ ಆಗ್ತೈತ್ರಿ" ಎಂದರು ಮೊದಲ ದಿನ. "ಇದೆ, ಇಲ್ಲ, ಬನ್ನಿ, ಹೋಗಿ."

"ನಿಮ್ಮ ಮಾತು ನನಗೆ ಅರ್ಧ ತಿಳಿಯಲ್ಲ."

"ಅರ್ಧಾ ತಿಳಿತೈತೆಲ್ಲ. ನನ್ನ ಹೆಂಡ್ತಿಗೆ ಅಷ್ಟೂ ತಿಳಿಯೂದಿಲ್ಲ."

ಎರಡನೇ ದಿನ ಅವರು ವ್ಯಾಪಾರದ ಬೆರಳುಗಳನ್ನು ಹೇಳಿಕೊಟ್ಟರು. ಮಾರುವವರ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಒಂದು ಬೆರಳು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು. ನೂರೋ ಸಾವಿರವೋ ಎನ್ನುವುದು ಎದುರಿಗೆ ನಿಂತ ದನವನ್ನು ನೋಡಿದರೆ ತಿಳಿಯುತ್ತದೆ. ಸುತ್ತ ನಿಂತವರಿಗೆ ಏನೂ ಕೇಳಿಸದು. ಒಪ್ಪಿಗೆಯಾದರೆ ಟವೆಲ್ ಎಳೆದು ಹೆಗಲಿಗೆ ಹಾಕುವುದು, ಆದ ಮೇಲೆ ಮಾತಿಲ್ಲ. ಅವರು ಇದನ್ನೆಲ್ಲ ತೋರಿಸಿದ್ದು ಹೆಂಡತಿಯ ಕೈ ಹಿಡಿದು. ನನಗೆ ದೂರದಿಂದಲೇ.

ಭಾನುವಾರದ ಲೆಕ್ಕ ಮೂವತ್ತು ಬಂತು. ಸೋಮವಾರ ಮೂವತ್ತಮೂರು. ಮಂಗಳವಾರ ಇಪ್ಪತ್ತೊಂಬತ್ತು. ಈ ಸಲ ಅಂಕಿಗಳು ಹತ್ತಿರ ಬಂದದ್ದಕ್ಕೆ ನಾನು ಕಣ್ಣಾರೆ ಸಾಕ್ಷಿಯಿದ್ದೆ. ಇದೂ ಪೂರ್ತಿ ಸತ್ಯವಲ್ಲ; ಈ ವಿಧಾನ ಯಾವಾಗಲೂ ತುಸು ಹೆಚ್ಚೇ ತೋರಿಸುತ್ತದೆ, ಅದಕ್ಕೆ ಮೂವತ್ತಕ್ಕಿಂತ ಕೆಳಗೇ ಎಂದು ಹಿಡಿದೆ. ಸೂತ್ರ ಹೇಳಿದ ಎಪ್ಪತ್ತನಾಲ್ಕೂ ಅಲ್ಲ, ನಾನು ಮೊದಲು ನಂಬಿದ ಹದಿನಾರೂ ಅಲ್ಲ. ಮೊದಲನೆಯದನ್ನು ನಂಬಿದ್ದರೆ ಕಿವಿ ಹೋಗುತ್ತಿತ್ತು. ಎರಡನೆಯದನ್ನು ನಂಬಿದ್ದರೆ ಅವರನ್ನು ಮನೆಗೆ ಕಳಿಸುತ್ತಿದ್ದೆ.

ಬುಧವಾರ ಹಿರಿಯ ವೈದ್ಯರ ಮೇಜಿನ ಮುಂದೆ ನಿಂತೆ. ಡೋಸು ಪೂರ್ತಿ ಕೊಡುವುದು, ಆದರೆ ವಾರಕ್ಕೆ ಮೂರೇ ಸಲ; ಒಂದೊಂದು ಚುಚ್ಚುಮದ್ದೂ ಕ್ರಿಮಿಯನ್ನು ಹೊಡೆಯುವಷ್ಟು ಗಟ್ಟಿಯಿರಬೇಕು, ನಡುವಿನ ದಿನಗಳಲ್ಲಿ ಮೂತ್ರಪಿಂಡ ಅದನ್ನು ಗುಡಿಸಿ ಹಾಕಲು ವೇಳೆ ಸಿಗಬೇಕು. ಜೊತೆಗಿನ ಸೌಮ್ಯ ಮಾತ್ರೆಯೂ ಅದೇ ದಿನಗಳಲ್ಲಿ.

"ದಿನಾ ಕೊಡೂದನ್ನ ಮೂರಕ್ಕ ಇಳಸಿದ್ರ ಟಿ.ಬಿ. ಹೋಗತೈತಿ ಅಂತ ಖಾತ್ರಿ ಐತೇನು?"

"ಇಲ್ಲ ಸರ್."

"ಕಿವಿ ಉಳಿತೈತಿ ಅಂತ?"

"ಅದೂ ಇಲ್ಲ."

ಅವರು ಕೇಸ್ ಪೇಪರನ್ನು ನನ್ನ ಕಡೆ ತಿರುಗಿಸಿದರು. "ನೀವ ಬರೀರಿ. ಸಹಿನೂ ನಿಮ್ಮದ ಇರಲಿ."

ಬರೆದೆ. ನನ್ನ ಹೆಸರಿನ ಕೆಳಗೆ ಬೇರೆ ಯಾರ ಸಹಿಯೂ ಇಲ್ಲದ ಮೊದಲ ಕಾಗದ ಅದು.

ಸೋಮವಾರ, ಬುಧವಾರ, ಶುಕ್ರವಾರ ಚುಚ್ಚುಮದ್ದು. ಶನಿವಾರ ಕಿವಿ ಪರೀಕ್ಷೆ. ಹೊಟ್ಟೆಯ ನೀರು ಇಳಿದ ಮೇಲೆ ಅವರು ಹಳ್ಳಿಗೆ ಹೋಗಿ, ಚುಚ್ಚುಮದ್ದಿನ ದಿನಗಳಲ್ಲೂ ಶನಿವಾರವೂ ಬಸ್ಸಿಗೆ ಬರತೊಡಗಿದರು. ನನಗೆ ವಾರವೆಂದರೆ ಶನಿವಾರದಿಂದ ಶನಿವಾರಕ್ಕೆ ಎಂದಾಗಿಬಿಟ್ಟಿತು. ಬಸ್ಸಿನಿಂದ ಇಳಿದು ಬರುವಾಗ ಹೆಜ್ಜೆ ವಾಲುತ್ತದೆಯೇ ಎಂದು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಈ ಔಷಧ ಕಿವಿಗಿಂತ ಮೊದಲು ಮೈಯ ಸಮತೋಲನ ಕೆಡಿಸುವುದೂ ಉಂಟು. ಹತ್ತು ಸಂಖ್ಯೆಗಳಲ್ಲಿ ಒಂದಕ್ಕೆ ಅವರು ತಡೆದು ಉತ್ತರಿಸಿದರೂ ಆ ಭಾನುವಾರ ನನಗೆ ಊಟ ಸೇರುತ್ತಿರಲಿಲ್ಲ. ಕೆಲವು ಸಂಜೆ ಕೋಣೆಯಲ್ಲಿ ನನ್ನ ಹದಿನಾರು, ಮೂವತ್ತು, ಎಪ್ಪತ್ತನಾಲ್ಕುಗಳನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದೆ. ಪ್ರತಿ ಸಲವೂ ಅವೇ ಬರುತ್ತಿದ್ದವು. ಹಾಗೆ ಬಂದರೆ ಸಾಲದು ಎಂದು ನನಗೆ ಈಗ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಫ ನೋಡಿದಾಗ ಕ್ರಿಮಿ ಬಹಳ ಕಡಿಮೆಯಾಗಿದ್ದವು. ಫೆಬ್ರವರಿಯಲ್ಲಿ ಎರಡು ಸಲ ನೋಡಿದರೂ ಒಂದೂ ಕಾಣಲಿಲ್ಲ. ಯಕೃತ್ತು ಸರಿಯಾಗಲಿಲ್ಲ, ಅದು ಸರಿಯಾಗುವಂಥದೂ ಅಲ್ಲ. ಅದನ್ನು ಇಬ್ಬರಿಗೂ ಮೊದಲೇ ಹೇಳಿದ್ದೆ.

ಆ ತಿಂಗಳ ಕೊನೆಯ ಶನಿವಾರ ಎಂದಿನಂತೆ ವರಾಂಡದಲ್ಲಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತೆ. ಹೆಂಡತಿ ಮೊಮ್ಮಗಳನ್ನು ಕರೆತಂದಿದ್ದರು. ಮಗು ಬೇವಿನ ಕೆಳಗೆ ಕಡ್ಡಿ ಹೆಕ್ಕುತ್ತಿತ್ತು. ಉಸಿರಿನಲ್ಲಿ "ಮೂರು" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ "ಮೂರು" ಎಂದೆ. ಅವರು ಅಲುಗಾಡದೆ ಎದುರಿಗೆ ನೋಡುತ್ತ ಕೂತಿದ್ದರು. ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹೇಳಿದೆ. ಇಲ್ಲ. ಡಬ್ಬಿ, ಬದು, ಆರು ತಾಸು, ಎಲ್ಲಿ ತಪ್ಪಿತು ಎಂದು ಮನಸ್ಸು ಆಗಲೇ ಹುಡುಕತೊಡಗಿತ್ತು.

ದಲ್ಲಾಳಿ ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಹಾಗೆಯೇ ಹಿಂದಕ್ಕೆ ಚಾಚಿದರು. ಏನೆಂದು ತಿಳಿಯಲು ನನಗೆ ಕ್ಷಣ ಹಿಡಿಯಿತು. ಹತ್ತಿರ ಹೋಗಿ ಟವೆಲ್ಲಿನ ಕೆಳಗೆ ಕೈ ಇಟ್ಟೆ. ಅವರ ಬೆರಳುಗಳು ಒರಟಾಗಿ, ಬೆಚ್ಚಗಿದ್ದವು. ನನ್ನ ಎರಡು ಬೆರಳನ್ನು ಹಿಡಿದು ಒತ್ತಿದರು.

"ಮೂರ ಸಲಾನೂ ಕೇಳಸ್ತ್ರಿ ಬಾಯಾರ" ಎಂದರು. "ವಾರಕ್ಕ ಮೂರು ಸೂಜಿ ಭಾಳ ಆದ್ವು. ಎರಡಕ್ಕ ಮುಗಸ್ರಿ."

ಹೆಂಡತಿ ಹಣೆ ಬಡಿದುಕೊಂಡು ನಕ್ಕರು. ನನಗೆ ನಗಲು ಆಗಲಿಲ್ಲ. ಅವರ ಮೂರು ಬೆರಳನ್ನು ಹಿಡಿದು ಒತ್ತಿದೆ. ಅವರು ಮತ್ತೆ ಎರಡು ಒತ್ತಿದರು. ನಾನು ಮತ್ತೆ ಮೂರು. ಹಾಗೆ ಎಷ್ಟು ಹೊತ್ತು ಚೌಕಾಶಿ ನಡೆಯಿತೋ ಎಣಿಸಲಿಲ್ಲ. ಕೊನೆಗೆ ನನ್ನ ಮೂರಕ್ಕೇ ಅವರು ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡರು.

ಆ ಸಂಜೆ ದಿನಚರಿಯಲ್ಲಿ ಮೊದಲ ಮೂರು ಸಾಲು ಬರೆದೆ. ಕೆಲಸದ ಹೊರಗೆ ಮಾತಾಡಿದವರು ಎಂಬ ನಾಲ್ಕನೆಯದರ ಮುಂದೆ ಪೆನ್ನು ನಿಂತಿತು. ಕಿವಿ ಪರೀಕ್ಷೆ ಕೆಲಸದ ಒಳಗಿನದು; ಚೌಕಾಶಿಯನ್ನು ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ. ಆ ಸಾಲು ಇವತ್ತಿಗೂ ಖಾಲಿ ಇದೆ. ಸೊನ್ನೆಯನ್ನಂತೂ ಬರೆಯಲಿಲ್ಲ.